ಎಲ್ಲರಿಗೂ ಫೈವ್ ನೈನ್

ಬೇಬಿಯಕ್ಕನಿಗೆ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಇಪ್ಪತ್ತೆರಡನೆಯ ವಯಸ್ಸಿಗೆ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತವರು. ಮುಂಬಯಿಯ ಯಾವುದೋ ಹೋಟೆಲಿನಿಂದ ಒಬ್ಬರು ಊರಿನ ಭಾವನನ್ನು ಹೆಸರು ಹಿಡಿದು ಕೇಳುತ್ತಿದ್ದರು. ಇಲ್ಲಿ ಫೋನೆತ್ತಿದವರು ಅವರು ಮನೆಯಲ್ಲಿಲ್ಲ ಎನ್ನುತ್ತಿದ್ದರು. ಆ ಮಾತಿಗೆ ಮೊದಲು ಒಂದು ಸಣ್ಣ ಉಸಿರು ಕೇಳಿಸಿತೋ, ಭಾವ ಮನೆಯಲ್ಲೇ ಇದ್ದಾರೆ, ಬಹುಶಃ ಫೋನಿನ ಪಕ್ಕದಲ್ಲೇ ನಿಂತು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾರೆ ಎಂದು ಬೇಬಿಯಕ್ಕನಿಗೆ ಗೊತ್ತಾಗುತ್ತಿತ್ತು. ಇಂಥ ಉಸಿರುಗಳನ್ನು ಕೇಳಿ ಕೇಳಿ ಪಳಗಿದ ಕಿವಿಗೆ ಆಮೇಲೆ ಯಾರ ಮಾತೂ ಪೂರ್ತಿ ಇಳಿಯಲಿಲ್ಲ. ಗಂಡ ದೇವದಾಸರು ಮಸ್ಕತ್ತಿನಿಂದ ಫೋನು ಮಾಡಿ ಊಟ ಆಯಿತು ಎಂದರೂ, ಎಂತ ಪಲ್ಯ ಎಂದು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡುವ ಹೆಂಗಸು.

ಟ್ರಂಕ್ ಬೋರ್ಡು ಹೋದ ಮೇಲೆ ದೂರು ಸ್ವೀಕರಿಸುವ ಮೇಜಿಗೆ ಹಾಕಿದರು. ಕಡೆಗೆ ಅದೂ ಬೇಡವಾಗಿ, ಸ್ವಯಂನಿವೃತ್ತಿ ಕೊಟ್ಟು ಕಾಪುವಿನ ಮನೆಗೆ ಕಳಿಸಿದರು. ಒಂದು ಕಾಲದಲ್ಲಿ ಬಸ್ಸಿನಲ್ಲಿ ಬೇಬಿಯಕ್ಕ ಟಿಕೆಟ್ ಕೇಳಿದರೆ ಸಾಕು, ಮುಂದಿನ ಸೀಟಿನವರು ತಿರುಗಿ, ನೀವು ಎಕ್ಸ್‌ಚೇಂಜಿನವರಲ್ವಾ ಎನ್ನುತ್ತಿದ್ದರು. ಮುಖ ನೋಡದವರೂ ಸ್ವರ ಬಲ್ಲರು. ನಿವೃತ್ತಿಯಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲರೂ ತಿರುಗುವುದು ಬಿಟ್ಟರು. ಅದು ಅವರಿಗೆ ಎಷ್ಟು ನೋವು ಕೊಟ್ಟಿತೆಂದರೆ, ಪೆನ್ಶನ್ ತಡವಾದದ್ದೂ ಅಷ್ಟು ನೋವು ಕೊಟ್ಟಿರಲಿಲ್ಲ.

ಹಾಗಿರುವಾಗ ಹಿರಿಯಡ್ಕದ ಶಾಲೆಯೊಂದರಲ್ಲಿ ಹವ್ಯಾಸಿ ರೇಡಿಯೋ ತರಗತಿ ಉಂಟು ಎಂದು ಪೇಪರಿನಲ್ಲಿ ಬಂತು. ಹೋದರು. ಕಲಿಸುತ್ತಿದ್ದವರು ಕಾರ್ಕಳದ ಓಸ್ವಾಲ್ಡ್. ಮೂವತ್ತು ವರ್ಷ ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದು ಊರಿಗೆ ಬಂದವರು, ವಯಸ್ಸು ಎಪ್ಪತ್ತೈದು ದಾಟಿದೆ. ಬೇಬಿಯಕ್ಕ ಪರೀಕ್ಷೆ ಬರೆದರು, ಪಾಸಾದರು. ಲೈಸೆನ್ಸಿಗೆ ವಿಚಾರಣೆಗೆ ಬಂದ ಪೊಲೀಸಿನವರು ನಿಮಗೆ ಯಾಕೆ ವಯರ್‌ಲೆಸ್ ಎಂದು ಕೇಳಿದಾಗ, ಅವರ ಗುರುತಿನ ಚೀಟಿಯನ್ನೇ ಇಸಿದುಕೊಂಡು ಎರಡು ಬದಿಯನ್ನೂ ಓದಿದರು. ಆಮೇಲೆ ಒಂದು ಪೆಟ್ಟಿಗೆಯಲ್ಲಿ ಕಿಟ್ ಬಂತು. ಅಂದರೆ ಸೆಟ್ಟಲ್ಲ, ಸೆಟ್ಟಿನ ಬಿಡಿ ಭಾಗಗಳು, ಒಂದೊಂದೂ ಸಾಸಿವೆಯಿಂದ ಹಿಡಿದು ಕಡಲೆಯವರೆಗಿನ ಗಾತ್ರ. ಓಸ್ವಾಲ್ಡ್ ಹೇಳಿಕೊಟ್ಟಂತೆ ಊಟದ ಮೇಜಿನ ಮೇಲೆ ಮೂರು ತಿಂಗಳು ಬೆಸುಗೆ ಹಾಕಿದರು. ಮಸ್ಕತ್ತು ಬಿಟ್ಟು ಊರಿಗೆ ಬಂದಿದ್ದ ದೇವದಾಸರು ಆ ಮೂರು ತಿಂಗಳೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಈ ರೇಡಿಯೋದವರು ಒಟ್ಟು ಹದಿಮೂರು ಜನ. ಉಡುಪಿ, ಮಣಿಪಾಲ, ಹಿರಿಯಡ್ಕ, ಕಾರ್ಕಳ, ಹೀಗೆ ಅಲ್ಲಲ್ಲಿ. ಹೆಚ್ಚಿನವರದ್ದು ಓಸ್ವಾಲ್ಡರ ಕೈಕೆಳಗೆ ಕಟ್ಟಿದ ಇದೇ ಕಿಟ್. ಪ್ರತಿ ಬೆಳಿಗ್ಗೆ ಏಳೂವರೆಗೆ ಎಲ್ಲರೂ ಒಂದೇ ಅಲೆಯ ಮೇಲೆ ಸೇರುತ್ತಾರೆ. ಅದಕ್ಕೆ ನೆಟ್ ಎಂದು ಹೆಸರು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಸಂತೆಯಾಗುತ್ತದಲ್ಲ, ಅದಕ್ಕೆ ಒಬ್ಬರು ಹೆಸರು ಕರೆದು ಸರದಿ ಕೊಡಬೇಕು, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದಿದ್ದರೆ ದಾಟಿಸಬೇಕು. ಅವರು ಕಂಟ್ರೋಲ್. ಉಡುಪಿಯ ಅನಂತೇಶ ಎಂಬ ನಿವೃತ್ತ ಗಣಿತ ಮೇಷ್ಟ್ರು ಒಂಬತ್ತು ವರ್ಷದಿಂದ ಕಂಟ್ರೋಲ್ ಆಗಿದ್ದರು. ಅವರಿಗೆ ಎಲ್ಲೂರಿನಲ್ಲಿ ಮನೆತನದ ಪೂಜೆಯ ಜವಾಬ್ದಾರಿ ಬಂದು, ತಿಂಗಳ ಕೊನೆಯಿಂದ ಬೆಳಗಿನ ಹೊತ್ತು ಸಿಗುವುದಿಲ್ಲ ಎಂದರು.

ಕರೆಯುವುದು, ಜೋಡಿಸುವುದು, ದಾಟಿಸುವುದು. ಬೇಬಿಯಕ್ಕ ತಮ್ಮ ಆಯುಸ್ಸಿನಲ್ಲಿ ಮಾಡಿದ್ದೇ ಅದು. ಆ ಕುರ್ಚಿ ಬೇಕು ಎಂದು ಅವರಿಗೆ ಎಷ್ಟು ಅನಿಸಿತೆಂದರೆ, ಕೇಳಿದರೆ ಯಾರಾದರೂ ನಕ್ಕಾರು ಎಂಬ ನಾಚಿಕೆಯನ್ನೂ ಬದಿಗಿಟ್ಟು ಕೇಳಿದರು. ಓಸ್ವಾಲ್ಡರೇ ಒಂದು ಏರ್ಪಾಡು ಹೇಳಿದರು: ಸೋಮವಾರದಿಂದ ಶನಿವಾರದವರೆಗೆ ಬೇಬಿ ಮಾಡಿ ನೋಡಲಿ, ಭಾನುವಾರ ಉಡುಪಿಯಲ್ಲಿ ಸೇರುವಾಗ ತೀರ್ಮಾನ ಮಾಡುವ. ತೀರ್ಮಾನ ಎಂದರೆ ಓಸ್ವಾಲ್ಡ್ ಹೇಳುವ ಹೆಸರು, ಉಳಿದವರು ತಲೆಯಾಡಿಸುವುದು. ಮುಂಚಿನ ದಿನ ಅವರು ತಮ್ಮ ಚೀಲ ಹಿಡಿದು ಕಾಪುವಿಗೆ ಬಂದು, ಬೇಬಿಯಕ್ಕನ ಸೆಟ್ಟಿನ ಆಡಿಯೋವನ್ನು ತಾವೇ ಕೂತು ಸರಿ ಮಾಡಿಕೊಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಈ ಪದ್ಧತಿಯಲ್ಲಿ ಸ್ವರದ ಒಂದು ಮಗ್ಗುಲನ್ನಷ್ಟೇ ಗಾಳಿಗೆ ಬಿಡುತ್ತಾರೆ. ಸಣ್ಣ ಸೆಟ್ಟಿನಲ್ಲೂ ದೂರ ಹೋಗುತ್ತದೆ, ಆದರೆ ಮನೆಯ ಮಾಮೂಲಿ ರೇಡಿಯೋದಲ್ಲಿ ಹಿಡಿದರೆ ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ದೇವದಾಸರು ಒಮ್ಮೆ ಹಿಡಿದು ನೋಡಿ, ದಿನಾ ಇದನ್ನೇ ಹೇಳುವುದಾದರೆ ನನ್ನದೇನೂ ತಕರಾರಿಲ್ಲ ಎಂದಿದ್ದರು. ತನ್ನ ಸ್ವರ ಹೊರಗೆ ಹೇಗೆ ಹೋಗುತ್ತಿದೆ ಎಂದು ಮಾತಾಡುವವರಿಗೆ ಗೊತ್ತಾಗುವುದಿಲ್ಲ, ಕೇಳುವವರೇ ಹೇಳಬೇಕು. ಹೇಳುವುದಕ್ಕೆ ಎರಡು ಅಂಕಿ ಉಂಟು. ಮೊದಲನೆಯದು ಸ್ಪಷ್ಟತೆಗೆ, ಹೆಚ್ಚೆಂದರೆ ಐದು. ಎರಡನೆಯದು ಬಲಕ್ಕೆ, ಹೆಚ್ಚೆಂದರೆ ಒಂಬತ್ತು. ಹಾಗಾಗಿ ಫೈವ್ ನೈನ್ ಎಂದರೆ ಪೂರ್ತಿ ಅಂಕ.

ಓಸ್ವಾಲ್ಡ್ ಆ ದಿನ ಮಾಡಿದ್ದಿಷ್ಟು: ಮೈಕಿನಿಂದ ಒಳಗೆ ಹೋಗುವ ದಾರಿಯಲ್ಲಿದ್ದ ಒಂದು ಕೆಪಾಸಿಟರನ್ನು ತೆಗೆದು, ಅದಕ್ಕಿಂತ ತುಂಬ ಸಣ್ಣದನ್ನು ಹಾಕಿದರು. ಸ್ವರದ ಜೋರು ಹೆಚ್ಚಿಸುವ ಪಕ್ಕದ ತಿರುಪನ್ನು, ಹಳೆಯ ಟೂತ್‌ಬ್ರಶ್ಶಿನ ಹಿಡಿಯನ್ನು ಮಸೆದು ಮಾಡಿದ ಕಡ್ಡಿಯಿಂದ ಏರಿಸುತ್ತಾ ಹೋದರು. ಕಿವಿಗೆ ಹೆಡ್‌ಫೋನು, ಎದುರಿಗೆ ತಮ್ಮದೇ ಸಣ್ಣ ರಿಸೀವರು. ಒಳಗಿನ ಕೋಣೆಗೆ ಮೈಕು ಎಳೆದುಕೊಂಡು ಬೇಬಿಯಕ್ಕ ಒಂದರಿಂದ ಹತ್ತರವರೆಗೆ ಇಪ್ಪತ್ತು ಸಲ ಎಣಿಸಿದರು. "ಮಂಕು, ಇನ್ನೂ ಮಂಕು," ಎನ್ನುತ್ತಿದ್ದ ಓಸ್ವಾಲ್ಡ್ ಕಡೆಗೆ ಕೈಯೆತ್ತಿ, "ಹಾ, ಈಗ ಬಂತು ನೋಡು ನಿನ್ನ ಸ್ವರ. ಇನ್ನು ಮುಟ್ಟಬೇಡ," ಎಂದರು.

ಸೋಮವಾರ ಏಳೂವರೆಗೆ ಬೇಬಿಯಕ್ಕ ಗಂಟಲು ಸರಿಮಾಡಿಕೊಂಡು ಕೂತರು. ಹೊರಗೆ ಜಗಲಿಯಲ್ಲಿ ದೇವದಾಸರು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಮೊದಲ ಕರೆ ಹಿರಿಯರಾದ ಓಸ್ವಾಲ್ಡರಿಗೆ. ಅದು ನೆಟ್ಟಿನ ಪದ್ಧತಿ. ಅವರ ಕೀರಲು ಸ್ವರ ಬಂತು. "ಫೈವ್ ನೈನ್, ಬೇಬಿ. ಗಂಟೆ ಹೊಡೆದ ಹಾಗುಂಟು." ಆಮೇಲೆ ಅನಂತೇಶರು, "ಫೈವ್ ನೈನ್ ಮೇಡಂ, ಬೆಸ್ಟ್ ಆಡಿಯೋ." ಹಿರಿಯಡ್ಕದ ಡೆನಿಸ್, ಫೈವ್ ನೈನ್. ಮಣಿಪಾಲದ ಅಭಿರಾಮ್, ಫೈವ್ ನೈನ್. ಹನ್ನೆರಡು ಜನರೂ ಪೂರ್ತಿ ಅಂಕ ಕೊಟ್ಟರು. ಬೇಬಿಯಕ್ಕನಿಗೆ ಅರ್ಧ ಗಂಟೆ ಸಂತೋಷವಾಯಿತು.

ಅರ್ಧ ಗಂಟೆ ಮಾತ್ರ. ಯಾಕೆಂದರೆ ಪೂರ್ತಿ ಅಂಕ ಕೊಟ್ಟವರು ಕರೆದರೆ ಬರಲಿಲ್ಲ. ಡೆನಿಸ್ ತಮ್ಮ ಸರದಿ ತಪ್ಪಿಸಿಕೊಂಡು ಎರಡು ಸರದಿ ಬಿಟ್ಟು ಬಂದರು. ಅಭಿರಾಮ್, "ಕಂಟ್ರೋಲ್ ಎಂತ ಹೇಳಿದ್ರು?" ಎಂದು ಅನಂತೇಶರನ್ನು ಕೇಳಿದ. ಸ್ಪಷ್ಟತೆಗೆ ಐದಕ್ಕೆ ಐದು ಕೊಟ್ಟ ಹುಡುಗ ಎಂತ ಹೇಳಿದ್ರು ಎಂದು ಯಾಕೆ ಕೇಳಬೇಕು? ಇನ್ನೊಂದೂ ಉಂಟು. ಓಸ್ವಾಲ್ಡ್ ಮಾತಿಗೆ ಬಂದರೆ ಸಾಕು, ಉತ್ತರ ಕೊಡುವವರೆಲ್ಲರ ಸ್ವರವೂ ಥಟ್ಟನೆ ಬದಲಾಗುತ್ತಿತ್ತು. ದಪ್ಪಗಿದ್ದದ್ದು ತೆಳ್ಳಗಾಗಿ ಮೂಗಿಗೇರುತ್ತಿತ್ತು. ಹಿರಿಯರ ಎದುರು ಭಕ್ತಿ ಇರಬಹುದು ಎಂದು ಮೊದಲು ಅಂದುಕೊಂಡಿದ್ದ ಬೇಬಿಯಕ್ಕನಿಗೆ ಈಗ ಅದೂ ಸರಿ ಕಾಣಲಿಲ್ಲ. ಭಕ್ತಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುವುದು ಹೇಗೆ?

ಮಂಗಳವಾರ ಹಿರಿಯಡ್ಕ ಕಡೆಯ ಮೂವರು ಕರೆಂಟು ಹೋಯಿತು ಎಂದು ಹೇಳಿ ಬೇಗ ಜಾರಿಕೊಂಡರು. ನೆಟ್ ಮುಗಿದದ್ದೇ ತಡ, ಬೇಬಿಯಕ್ಕ ಹಿರಿಯಡ್ಕದ ವಿದ್ಯುತ್ ಕಚೇರಿಗೆ ಫೋನು ಮಾಡಿದರು. ಬೆಳಿಗ್ಗೆಯಿಂದ ಕರೆಂಟು ಹೋಗಿಯೇ ಇರಲಿಲ್ಲ.

"ನೋಡಿದಿರಾ," ಎಂದರು ಗಂಡನಿಗೆ. "ಒಳಗಿಂದೊಳಗೆ ಎಂತದೋ ಉಂಟು. ನನ್ನನ್ನು ಕೂರಿಸುವುದು ಆ ಅನಂತೇಶರಿಗೆ ಇಷ್ಟ ಇಲ್ಲ. ಬಾಯಲ್ಲಿ ಫೈವ್ ನೈನ್, ಹಿಂದಿನಿಂದ ಬೇರೆಯವರನ್ನು ಹುಡುಕುತ್ತಿದ್ದಾರೆ."

"ಅವರಿಗೆ ನಿನ್ನ ಮಾತು ಕೇಳಲಿಲ್ಲವೋ ಏನೋ," ಎಂದರು ದೇವದಾಸರು, ಬಾಳೆನಾರನ್ನು ಹಲ್ಲಿನಲ್ಲಿ ಹಿಡಿದು.

"ಕೇಳದಿದ್ದರೆ ಕೇಳುವುದಿಲ್ಲ ಅಂತ ಹೇಳಬೇಕು. ಬಾಯಿ ಇಲ್ವಾ?"

ದೇವದಾಸರು ಮಲ್ಲಿಗೆಯ ಕಡೆ ನೋಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದನ್ನು ಅವರು ಚೆನ್ನಾಗಿ ಕಲಿತಿದ್ದರು.

ಬುಧವಾರ ಬೇಬಿಯಕ್ಕ ಬಲೆ ಬೀಸಿದರು. ಮಸ್ಕತ್ತಿನಿಂದ ತಂದ, ಮೈ ಒರೆಸುವ ದಪ್ಪ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಮೈಕಿಗೆ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದರು. ಒಳಗಿನಿಂದ ಮಾತಾಡಿದರೆ ಪಕ್ಕದ ಕೋಣೆಗೂ ಸರಿಯಾಗಿ ಕೇಳದು, ಅಷ್ಟು ದಪ್ಪ. ಆಮೇಲೆ ಬಹಳ ಮುಗ್ಧವಾಗಿ, "ಇವತ್ತು ನನ್ನ ಆಡಿಯೋ ಹೇಗುಂಟು, ದಯವಿಟ್ಟು ಎಲ್ಲರೂ ಹೇಳಬೇಕು," ಎಂದರು. ಓಸ್ವಾಲ್ಡ್ ಒಬ್ಬರೇ, "ಬೇಬಿ, ಎಂತ ಆಯಿತು? ಬಾವಿಯೊಳಗಿಂದ ಮಾತಾಡಿದ ಹಾಗುಂಟು. ಸೆಟ್ಟು ಮುಟ್ಟಿದೆಯಾ?" ಎಂದರು. ಉಳಿದ ಹನ್ನೊಂದು ಜನ ಸಾಲಾಗಿ ಬಂದು ಫೈವ್ ನೈನ್ ಎಂದರು. ಅನಂತೇಶರಂತೂ, "ಫೈವ್ ನೈನ್ ಮೇಡಂ, ಇವತ್ತು ತುಂಬಾ ಚೆನ್ನಾಗಿದೆ," ಎಂದು ಒತ್ತಿ ಹೇಳಿದರು.

ಬೇಬಿಯಕ್ಕ ಬೈರಾಸು ಬಿಚ್ಚಿ ಕೊಡವಿದರು. ಹದಿಮೂರು ಜನರಲ್ಲಿ ಸತ್ಯವಂತ ಎಂದರೆ ಓಸ್ವಾಲ್ಡ್ ಸರ್ ಒಬ್ಬರೇ ಎಂದು ಅವರಿಗೆ ಖಾತ್ರಿಯಾಯಿತು. ಸಿಟ್ಟಿನಲ್ಲಿ ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಗುರುವಾರ ನೆಟ್ ಹೇಗೋ ಮುಗಿಸಿ, ಒಂಬತ್ತರ ಬಸ್ಸು ಹಿಡಿದು ಉಡುಪಿಗೆ ಹೋದರು. ಅನಂತೇಶರ ಮನೆ ರಥಬೀದಿಯ ಹಿಂದಿನ ಓಣಿಯಲ್ಲಿ. ಅವರು ಪಂಚೆಯುಟ್ಟು ಅಂಗಳದಲ್ಲಿ ಆಂಟೆನಾದ ತಂತಿ ಬಿಗಿಯುತ್ತಿದ್ದರು. ಬೇಬಿಯಕ್ಕ ಕುಳಿತುಕೊಳ್ಳಲೂ ಇಲ್ಲ.

"ಸರ್, ನಿನ್ನೆ ನಾನು ಬೈರಾಸಿನೊಳಗೆ ಬಾಯಿ ಇಟ್ಟು ಮಾತಾಡಿದ್ದು. ನೀವು ತುಂಬಾ ಚೆನ್ನಾಗಿದೆ ಅಂದ್ರಿ."

ಅನಂತೇಶರು ತಂತಿ ಬಿಟ್ಟು ನೋಡಿದರು. "ಬೈರಾಸಾ? ಹಾಗಾದರೆ ಅದಕ್ಕೇ," ಎಂದರು. "ನಿಜವಾಗಿ ಚೆನ್ನಾಗಿತ್ತು ಮೇಡಂ. ಆ ಒಂದೇ ದಿನ ನೀವು ಹೇಳಿದ್ದೆಲ್ಲಾ ಅರ್ಥ ಆಯಿತು."

ಬೇಬಿಯಕ್ಕ ಆ ಮಾತಿಗೆ ಮೊದಲಿನ ಉಸಿರನ್ನು ಹುಡುಕಿದರು. ಇರಲಿಲ್ಲ. ಮನುಷ್ಯ ನಿಜ ಹೇಳುತ್ತಿದ್ದಾನೆ. ಅವರಿಗೆ ಎಂತ ಮಾಡುವುದೆಂದು ತೋಚದೆ ಜಗಲಿಯ ಮೇಲೆ ಕೂತರು.

"ಉಳಿದ ದಿನ?"

ಈಗ ಉಸಿರು ಬಂತು. "ಉಳಿದ ದಿನ... ಸ್ವಲ್ಪ ಕೀರಲು. ಒಡೆದ ಹಾಗೆ." ಅನಂತೇಶರು ತಲೆ ತುರಿಸಿದರು. "ಓಸ್ವಾಲ್ಡ್ ಸರ್ ಬಂದು ಅಡ್ಜಸ್ಟ್ ಮಾಡಿ ಹೋದರಲ್ವಾ ನಿಮ್ಮದನ್ನು?"

"ಹೌದು. ಭಾನುವಾರ."

"ನಿಮ್ಮದರಲ್ಲಿ ಸ್ವಿಚ್ಚು ಇಲ್ಲ, ಅದೇ ತೊಂದರೆ."

"ಎಂತ ಸ್ವಿಚ್ಚು?"

ಅನಂತೇಶರು ಅವರನ್ನು ಒಳಗೆ ಕರೆದುಕೊಂಡು ಹೋದರು. ಅವರ ಸೆಟ್ಟು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿತ್ತು. ಬೇಬಿಯಕ್ಕನದ್ದೇ ಕಿಟ್, ಅದೇ ಪೆಟ್ಟಿಗೆ. ಅದನ್ನು ಮೆಲ್ಲನೆ ತಿರುಗಿಸಿ ಹಿಂಬದಿ ತೋರಿಸಿದರು. ಅಲ್ಲಿ ಒಂದು ಸಣ್ಣ ಸ್ವಿಚ್ಚು. ಮೇಲೆ ಸೀಸದ ಕಡ್ಡಿಯಲ್ಲಿ 'ಓ' ಎಂದು ಬರೆದಿತ್ತು.

"ಮೇಲೆ ಹಾಕಿದರೆ ಓಸ್ವಾಲ್ಡ್ ಸರ್ ಇಟ್ಟ ಆಡಿಯೋ. ಕೆಳಗೆ ಹಾಕಿದರೆ ಸರಿಯಾದ್ದು. ಅವರಿಗೆ ಉತ್ತರ ಕೊಡುವಾಗ ಮಾತ್ರ ಮೇಲೆ ಹಾಕುವುದು. ನಮ್ಮ ಹನ್ನೊಂದು ಜನರಲ್ಲೂ ಉಂಟು ಇದು."

ಬೇಬಿಯಕ್ಕನಿಗೆ ಒಂದೊಂದೇ ತಿಳಿಯುತ್ತಾ ಬಂತು. ಓಸ್ವಾಲ್ಡರ ಕಿವಿ ಹೋಗಿದೆ. ಪೂರ್ತಿ ಅಲ್ಲ, ಮೇಲಿನ ಸಣ್ಣ ಸ್ವರಗಳು ಹೋಗಿವೆ. ಸರಿಯಾದ ಆಡಿಯೋ ಅವರಿಗೆ ಮಂಕು. ಅವರಿಗೆ ಸ್ಪಷ್ಟವಾಗುವವರೆಗೆ, ದಪ್ಪ ಸ್ವರ ತಡೆಯುವ ಹಾಗೆ ಕೆಪಾಸಿಟರ್ ಸಣ್ಣದು ಮಾಡಿ, ತಿರುಪು ಏರಿಸಿ ಇಟ್ಟರೆ, ಉಳಿದವರ ಕಿವಿಗೆ ಅದು ಪಾತ್ರೆ ಉಜ್ಜಿದ ಶಬ್ದ. ಬೈರಾಸು ಆ ಕೀರಲನ್ನು ಹೀರಿದ್ದರಿಂದಲೇ ಬುಧವಾರ ಅವರಿಗೆ ಚೆನ್ನಾಗಿ ಕೇಳಿದ್ದು. ನಾಲ್ಕು ವರ್ಷದ ಹಿಂದೆ ಡೆನಿಸ್ ನೆಟ್ಟಿನಲ್ಲೇ ಇದನ್ನು ಬಾಯಿಬಿಟ್ಟು ಹೇಳಿದ್ದರಂತೆ. ಓಸ್ವಾಲ್ಡ್ ಒಂದು ತಿಂಗಳು ಗಾಳಿಗೆ ಬರಲಿಲ್ಲ, ನೆಟ್ಟೇ ನಿಂತುಹೋಗುವ ಹಾಗಾಯಿತು. ಡೆನಿಸ್ ಕಾರ್ಕಳಕ್ಕೆ ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬಂದ ಮೇಲೆ ಎಲ್ಲರೂ ಸೇರಿ ಈ ಸ್ವಿಚ್ಚನ್ನು ಕಂಡುಹಿಡಿದರು. ಗುರುಗಳು ಬಂದು ಅಡ್ಜಸ್ಟ್ ಮಾಡುವುದು, ಗುರುಗಳು ಹೋದ ಮೇಲೆ ಸ್ವಿಚ್ಚು ಹಾಕುವುದು. ಹೊಸಬರಿಗೆಲ್ಲಾ ಅನಂತೇಶರೇ ಹಾಕಿಕೊಡುತ್ತಿದ್ದರು.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅವರಿಗೆ ತುಂಬಾ ಹತ್ತಿರ ಅಲ್ವಾ ಮೇಡಂ. ಅವರಿಗೆ ಹೋಗಿ ಮುಟ್ಟೀತು ಅಂತ ಎಲ್ಲರಿಗೂ ಒಂದು ಅನುಮಾನ."

ಅನುಮಾನ ಪಡುವ ಕೆಲಸ ತನ್ನೊಬ್ಬಳದ್ದೇ ಎಂದು ಬೇಬಿಯಕ್ಕ ಇಷ್ಟು ವರ್ಷ ತಿಳಿದಿದ್ದರು. ತಮ್ಮ ಮೇಲೂ ಹನ್ನೊಂದು ಜನ ಅನುಮಾನ ಪಟ್ಟು ಕೂತಿದ್ದರು ಎಂದು ಕೇಳಿ ಅವರಿಗೆ ಮೊದಲು ಸಿಟ್ಟು, ಆಮೇಲೆ ಅವಮಾನ.

ಅನಂತೇಶರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸ್ವಿಚ್ಚು, ಸರಿಯಾದ ಕೆಪಾಸಿಟರ್, ನಾಲ್ಕು ತುಂಡು ತಂತಿ ಹಾಕಿ ಕೈಗಿಟ್ಟರು. "ಹತ್ತು ನಿಮಿಷದ ಕೆಲಸ. ನಾಳೆಯಿಂದ ನಿಮ್ಮ ನೆಟ್ ಸರಾಗ ಹೋಗುತ್ತದೆ, ಅವರಿಗೂ ಖುಷಿ. ಭಾನುವಾರ ನಿಮ್ಮ ಹೆಸರೇ ಹೇಳುವುದು, ನೋಡಿ ಬೇಕಾದರೆ."

ಚೀಲ ಹಿಡಿದು ಬೇಬಿಯಕ್ಕ ಬಸ್ ನಿಲ್ದಾಣಕ್ಕೆ ಬಂದರು. ಕಾಪುವಿನ ಬಸ್ಸು ನಿಂತಿತ್ತು. ಅದನ್ನು ಬಿಟ್ಟು ಕಾರ್ಕಳದ ಬಸ್ಸು ಹತ್ತಿದರು. ಯಾಕೆ ಹತ್ತಿದೆ ಎಂದು ಮಣಿಪಾಲ ದಾಟುವವರೆಗೆ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಓಸ್ವಾಲ್ಡರಿಗೆ ಇದು ಗೊತ್ತಿದೆಯೋ ಇಲ್ಲವೋ ಎಂಬುದೊಂದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಗೊತ್ತಿದ್ದೂ ನಟಿಸುತ್ತಿದ್ದರೆ? ಗೊತ್ತಿದ್ದೇ ತನ್ನ ಸೆಟ್ಟನ್ನು ಹಾಳು ಮಾಡಿದ್ದರೆ? ಹಿರಿಯಡ್ಕ ಬಂತು. ಅಲ್ಲಿಂದ ಮುಂದಕ್ಕೆ ಬೇರೆ ಯೋಚನೆ ಹತ್ತಿತು. ಭಾವ ಮನೆಯಲ್ಲಿಲ್ಲ ಎಂದು ಹೇಳಿಸಿದವರನ್ನು ಅವರು ಮನಸ್ಸಿನಲ್ಲೇ ಬೈದದ್ದು ಹೌದು, ಆದರೆ ಮುಂಬಯಿಯವನಿಗೆ ಅವರು ಇಲ್ಲವಂತೆ ಎಂದು ದಾಟಿಸಿದ್ದೂ ಅವರದೇ ಬಾಯಿ. ಎಷ್ಟು ಸಾವಿರ ಸಲ. ಯಾವ ಭಾವನನ್ನೂ ಹಿಡಿದು ಕೊಟ್ಟಿರಲಿಲ್ಲ.

ಓಸ್ವಾಲ್ಡರ ಮನೆ ಆನೆಕೆರೆಯ ಹತ್ತಿರ. ಹೆಂಡತಿ ಪೇಟೆಗೆ ಹೋಗಿದ್ದರು. ಅವರು ರೇಡಿಯೋ ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಏನೋ ಬೆಸುಗೆ ಹಾಕುತ್ತಿದ್ದರು. ಬೇಬಿಯಕ್ಕನನ್ನು ಕಂಡು ಅವರ ಮುಖ ಅರಳಿತು.

"ಬಾ, ಬಾ. ನಿನ್ನೆ ಎಂತ ಆದದ್ದು ನಿನ್ನ ಆಡಿಯೋಗೆ? ಇವತ್ತು ಪುನಃ ಫಸ್ಟ್ ಕ್ಲಾಸ್. ನಾನು ಸೆಟ್ ಮಾಡಿದ್ದರಲ್ಲಿ ನಿನ್ನದೇ ಬೆಸ್ಟ್ ಮಾರಾಯ್ತಿ. ಭಾನುವಾರ ನಿನ್ನ ಹೆಸರು ಹೇಳುವುದು ಅಂತ ಆಗಿಹೋಯಿತು."

ಬೇಬಿಯಕ್ಕ ಕುರ್ಚಿ ಎಳೆದು ಕೂತರು. ಎಲ್ಲೋ ಪೀಂ, ಪೀಂ ಎಂದು ಸಣ್ಣಗೆ ಕೂಗುತ್ತಿತ್ತು. ಮೇಜಿನ ಕೆಳಗೆ ಇನ್ವರ್ಟರ್. ಬ್ಯಾಟರಿ ಮುಗಿಯುತ್ತಾ ಬಂದು ಒರಲುತ್ತಿದೆ, ಓಸ್ವಾಲ್ಡರ ಮೊಣಕಾಲಿನಿಂದ ಒಂದು ಗೇಣು ದೂರ.

"ಸರ್, ಎಂತದೋ ಕೂಗುತ್ತಾ ಉಂಟಲ್ವಾ?"

ಓಸ್ವಾಲ್ಡ್ ಕಿವಿಗೊಟ್ಟರು. ಕಿಟಕಿಯ ಕಡೆ, ಅಂಗಳದ ಕಡೆ. "ಎಂತದೂ ಇಲ್ಲ," ಎಂದರು. ಅದರಲ್ಲಿ ನಟನೆ ಇರಲಿಲ್ಲ.

ಚೀಲ ಬೇಬಿಯಕ್ಕನ ಮಡಿಲಲ್ಲಿತ್ತು. ಈಗ ಎದ್ದು, ನಿಮ್ಮ ಆಶೀರ್ವಾದ ಸರ್ ಎಂದು ಹೇಳಿ ಹೊರಟರೆ ಭಾನುವಾರ ಕುರ್ಚಿ ಅವರದ್ದು. ಹನ್ನೊಂದು ಜನ ಮಾಡಿದ್ದನ್ನೇ ಹನ್ನೆರಡನೆಯವಳು ಮಾಡಿದರೆ ಕೇಳುವವರು ಯಾರು? ಆದರೆ ಮೂರು ದಿನ ತಾನು ಪಟ್ಟ ಪಾಡು ಅವರಿಗೆ ಮರೆತಿರಲಿಲ್ಲ. ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದಾರೆ, ಯಾವುದೂ ಚೆನ್ನಾಗಿಲ್ಲ, ಯಾಕೆಂದು ಗೊತ್ತಿಲ್ಲ. ಮೂರು ದಿನಕ್ಕೇ ತಲೆ ಕೆಟ್ಟುಹೋಗಿತ್ತು. ಈ ಮನುಷ್ಯನಿಗೆ ನಾಲ್ಕು ವರ್ಷ.

ಚೀಲ ಬಿಚ್ಚಿ ಸ್ವಿಚ್ಚನ್ನು ಮೇಜಿನ ಮೇಲಿಟ್ಟರು. "ನಿಮಗೆ ಸಣ್ಣ ಸ್ವರ ಕೇಳುವುದಿಲ್ಲ ಸರ್. ನಿಮ್ಮ ಇನ್ವರ್ಟರ್ ಒಂದೇ ಸಮನೆ ಕೂಗುತ್ತಿದೆ, ಕೈ ಇಟ್ಟು ನೋಡಿ," ಎಂದು ಶುರುಮಾಡಿ, ಕೆಪಾಸಿಟರ್, ಬೈರಾಸು, ಎಲ್ಲರ ಸೆಟ್ಟಿನ ಹಿಂದಿನ ಸ್ವಿಚ್ಚು, ಎಲ್ಲವನ್ನೂ ಹೇಳಿದರು.

ಓಸ್ವಾಲ್ಡ್ ಬಗ್ಗಿ ಇನ್ವರ್ಟರಿನ ಕೆಂಪು ದೀಪ ನೋಡಿದರು. ಎದ್ದು ಕೂತು, ಕಣ್ಣು ಸಣ್ಣದು ಮಾಡಿ ಕೇಳಿದರು. "ಯಾರು ಕಳಿಸಿದ್ದು ನಿನ್ನನ್ನು? ಅನಂತೇಶನಾ?"

"ಯಾರೂ ಇಲ್ಲ. ನಾನೇ ಬಂದದ್ದು."

"ನನಗೆ ಎಲ್ಲರೂ ಫೈವ್ ನೈನ್ ಕೊಡುತ್ತಾರೆ."

"ಅದನ್ನೇ ಸರ್ ನಾನು ಹೇಳುವುದು."

ಅವರು ಸ್ವಿಚ್ಚನ್ನು ಕೈಗೆತ್ತಿಕೊಂಡರು. ಜೀವಮಾನವೆಲ್ಲ ಇಂಥದ್ದನ್ನೇ ಹಿಡಿದ ಬೆರಳುಗಳು, ವಿವರಿಸಬೇಕಾಗಿರಲಿಲ್ಲ. ಮೇಲೆ ಮಾಡಿದರು, ಕೆಳಗೆ ಮಾಡಿದರು.

"ಎಷ್ಟು ಜನರ ಹತ್ತಿರ ಉಂಟು ಅಂದೆ?"

"ಹನ್ನೊಂದು."

"ಡೆನಿಸನ ಹತ್ತಿರವೂ?"

"ಅವರದ್ದೇ ಮೊದಲು ಅಂತೆ."

ಓಸ್ವಾಲ್ಡ್ ಗೋಡೆಯ ಕಡೆ ತಿರುಗಿ ಕೂತರು. "ನೀನು ಹೋಗು ಬೇಬಿ," ಎಂದರು. ಬೇಬಿಯಕ್ಕ ಇನ್ವರ್ಟರಿನ ಸ್ವಿಚ್ಚು ಆರಿಸಿ ಹೊರಗೆ ಬಂದರು.

ಆ ಸಂಜೆ ಅವರು ತಮ್ಮ ಸೆಟ್ಟಿನಿಂದ ಸಣ್ಣ ಕೆಪಾಸಿಟರ್ ಕಿತ್ತು ಸರಿಯಾದ್ದನ್ನು ಹಾಕಿದರು. ತಿರುಪು ಇಳಿಸಿದರು. ಸ್ವಿಚ್ಚು ಕಾರ್ಕಳದಲ್ಲೇ ಉಳಿದಿತ್ತು, ಇದ್ದಿದ್ದರೂ ಹಾಕುತ್ತಿರಲಿಲ್ಲ.

ಶುಕ್ರವಾರ ನೆಟ್ ನೀರು ಹರಿದ ಹಾಗೆ ಹೋಯಿತು. ಕರೆದವರು ಕರೆದ ತಕ್ಷಣ ಬಂದರು, ಯಾರ ಮನೆಯ ಕರೆಂಟೂ ಹೋಗಲಿಲ್ಲ. ಇಷ್ಟು ವರ್ಷದ ಮೇಲೆ ತನ್ನ ಸ್ವರ ಪುನಃ ಊರೂರು ತಿರುಗುತ್ತಿದೆ ಎಂದು ಬೇಬಿಯಕ್ಕ ಕುಣಿಯಬೇಕಿತ್ತು. ಆದರೆ ಮೊದಲ ಕರೆಗೆ ಉತ್ತರ ಬಂದಿರಲಿಲ್ಲ. ಶನಿವಾರವೂ ಓಸ್ವಾಲ್ಡ್ ಬರಲಿಲ್ಲ. ಮಧ್ಯಾಹ್ನ ಅನಂತೇಶರ ಫೋನು ಬಂತು.

"ಹೇಳಿಬಿಟ್ರಾ ಮೇಡಂ?"

"ಹೇಳಿದೆ."

ಆಚೆಯಿಂದ ಫೋನು ಕಟ್ಟಾಯಿತು.

ಭಾನುವಾರ ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಮಾಳಿಗೆಯಲ್ಲಿ ಹನ್ನೆರಡು ಜನ ಸೇರಿದರು. ಓಸ್ವಾಲ್ಡರ ಕುರ್ಚಿ ಖಾಲಿ. ಬನ್ಸು ಬಂತು, ಕಾಫಿ ಬಂತು. ಸ್ವರದಿಂದ ಮಾತ್ರ ಗುರುತಿರುವ ಹಲವರ ಮುಖವನ್ನು ಬೇಬಿಯಕ್ಕ ಅಂದೇ ಮೊದಲು ನೋಡಿದ್ದು, ಎಲ್ಲವೂ ಸಪ್ಪೆ. "ನಾಲ್ಕು ವರ್ಷ ನಾವು ಕಾಪಾಡಿಕೊಂಡು ಬಂದದ್ದು," ಎಂದರು ಡೆನಿಸ್. "ನೀವು ನಾಲ್ಕು ದಿನದಲ್ಲಿ ಮುಗಿಸಿದಿರಿ." ಬೇಬಿಯಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. "ಕಾಪಾಡಿದ್ದು ಅವರನ್ನಲ್ಲ ಡೆನಿಸ್, ನಿಮ್ಮ ನೆಟ್ಟನ್ನು," ಎಂದರು. ಯಾರೂ ಅವರನ್ನು ಕಂಟ್ರೋಲ್ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಓಸ್ವಾಲ್ಡರಿಲ್ಲದೆ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾಳೆ ಬೇರೆ ಯಾರೂ ಇಲ್ಲದ್ದರಿಂದ ಸದ್ಯಕ್ಕೆ ನೀವೇ ಕರೆಯಿರಿ ಎಂದು ಹೇಳಿ ಎದ್ದುಹೋದರು. ಬೇಬಿಯಕ್ಕನ ಬನ್ಸು ತಟ್ಟೆಯಲ್ಲೇ ಉಳಿಯಿತು.

"ಬಿಟ್ಟುಬಿಡು ಮಾರಾಯ್ತಿ," ಎಂದರು ದೇವದಾಸರು ಮನೆಯಲ್ಲಿ. "ಎಂತಕ್ಕೆ ಬೇಕು ಇದೆಲ್ಲಾ."

"ಬಿಡುವುದಿಲ್ಲ," ಎಂದರು ಬೇಬಿಯಕ್ಕ. ಆದರೆ ಆ ಮಾತಿನಲ್ಲಿ ಜೋರಿರಲಿಲ್ಲ.

ಸೋಮವಾರ ಏಳೂವರೆ. ಬೇಬಿಯಕ್ಕ ಓಸ್ವಾಲ್ಡರನ್ನು ಕರೆದರು. ಗಾಳಿಯ ಸದ್ದು ಮಾತ್ರ. ಇನ್ನೊಮ್ಮೆ ಕರೆದರು. ಮುಂದಿನ ಹೆಸರಿಗೆ ಹೋಗಬೇಕು ಎನ್ನುವಾಗ ಆ ಕೀರಲು ಸ್ವರ ಕೋಣೆಯನ್ನು ಸೀಳಿಕೊಂಡು ಬಂತು.

"ನಾನು ಉಂಟು. ಎಲ್ಲರೂ ಕೇಳಿ. ಶನಿವಾರ ಮಣಿಪಾಲದಲ್ಲಿ ಕಿವಿ ತೋರಿಸಿದೆ. ಒಂದು ಗ್ರಾಫ್ ಕೊಟ್ಟಿದ್ದಾರೆ. ಎರಡು ಕಿಲೋಹರ್ಟ್ಸ್‌ನಿಂದ ಮೇಲೆ ಸೀದಾ ಪ್ರಪಾತ. ನಾನು ಕಟ್ಟಿದ ಯಾವ ಫಿಲ್ಟರೂ ಇಷ್ಟು ಚಂದ ಕಟ್ ಮಾಡಿದ್ದಿಲ್ಲ." ಆಮೇಲೆ, "ಎಲ್ಲರೂ ಹಿಂದಿನ ಸ್ವಿಚ್ಚು ಕೆಳಗೆ ಹಾಕಿ. ಕೇಳದಿದ್ದರೆ ಕೇಳುವುದಿಲ್ಲ ಅಂತ ಹೇಳುತ್ತೇನೆ. ಈಗ ಬೇಬಿ, ನನ್ನದು ಹೇಳು. ನನ್ನ ಆಡಿಯೋ ಹೇಗುಂಟು?"

ಬೇಬಿಯಕ್ಕನ ಬೆರಳು ಮೈಕಿನ ಗುಂಡಿಯ ಮೇಲೆ ನಿಂತಿತು. ಇದೇ ಕಿವಿಯಿಂದ ಅವರು ತಮ್ಮ ಸೆಟ್ಟನ್ನೂ ಹೊಂದಿಸಿಕೊಂಡವರು. ವರ್ಷಗಟ್ಟಲೆ ಎಲ್ಲರೂ ಅರ್ಧಂಬರ್ಧ ಊಹಿಸಿಕೊಂಡು ತಲೆಯಾಡಿಸಿದ್ದರು. ಹನ್ನೊಂದು ಮನೆಗಳಲ್ಲಿ ಹನ್ನೊಂದು ಜನ ಕೇಳುತ್ತಿದ್ದರು.

"ತುಂಬಾ ಕೀರಲು ಸರ್. ನಾಲ್ಕು ಮಾತಿಗೆ ಎರಡು ತಿಳಿಯುವುದಿಲ್ಲ. ತ್ರೀ ನೈನ್."

"ಕೇಳಲಿಲ್ಲ. ನಿಧಾನ ಹೇಳು."

ಎರಡನೆಯ ಸಲ ಹೇಳುವುದು ಮೊದಲನೆಯ ಸಲಕ್ಕಿಂತ ಕಷ್ಟವಾಯಿತು. ಬೇಬಿಯಕ್ಕ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ನಿಮ್ಮ ಸ್ವರ. ಸರಿಯಾಗಿ. ತಿಳಿಯುವುದಿಲ್ಲ. ಸರ್. ಸ್ಪಷ್ಟತೆ ಮೂರು."

ಜಗಲಿಯಲ್ಲಿ ಮೊಗ್ಗು ಕಟ್ಟುತ್ತಿದ್ದ ದೇವದಾಸರ ಕೈ ನಿಂತಿತು.

"ಮೂರು," ಎಂದರು ಓಸ್ವಾಲ್ಡ್. "ಸರಿ. ಹನ್ನೊಂದು ಗಂಟೆಗೆ ಇಲ್ಲಿಗೆ ಬಾ. ನೀನು ಕೇಳು, ನಾನು ಬೆಸುಗೆ ಹಾಕುತ್ತೇನೆ. ಈಗ ಮುಂದಿನವರನ್ನು ಕರಿ, ಕಂಟ್ರೋಲ್."

ಬೇಬಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹಿರಿಯಡ್ಕವನ್ನು ಕರೆದರು.